ಹೆಸರಿಲ್ಲದ ಗುಂಡಿ: ಮಾಟುಂಗಾದ ದಿನಸಿ ಜಾಲತಾಣವೊಂದರ ಪ್ರಕರಣ

ಮುಂಬಯಿಯ ಮಾಟುಂಗಾದಲ್ಲಿ, ಕಿಂಗ್ಸ್ ಸರ್ಕಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಕರಾವಳಿಯ ದಿನಸಿ ಮಾರುವ ಅಂಗಡಿಯೊಂದಿದೆ. ಕುಚ್ಚಲಕ್ಕಿ, ಹುರುಳಿ, ಹಲಸಿನ ಹಪ್ಪಳ, ಪುನರ್ಪುಳಿ ಸಿಪ್ಪೆ, ಬ್ಯಾಡಗಿ ಮೆಣಸು, ಮೀನಿನ ಮಸಾಲೆ ಪುಡಿ ಇವೇ ಅದರ ವ್ಯಾಪಾರ. ಅಣ್ಣತಮ್ಮಂದಿರಿಬ್ಬರು ಪಾಲುದಾರರು, ಕೆಲಸಕ್ಕೆ ಏಳು ಜನ ಇದ್ದಾರೆ. 2020ರ ಲಾಕ್‌ಡೌನಿನಲ್ಲಿ ಫೋನಿನ ಮೇಲೆ ಆರ್ಡರ್ ತೆಗೆದುಕೊಳ್ಳುತ್ತಿದ್ದವರು ಮರುವರ್ಷ ಜಾಲತಾಣ ಮಾಡಿಸಿದರು. ಈಗ ಡೊಂಬಿವಲಿ, ಥಾಣೆ, ಮೀರಾ ರೋಡು, ನವಿ ಮುಂಬಯಿಯ ಮನೆಗಳಿಗೆ ಹೋಗುವ ಸಾಮಾನಿನ ಬಹುಪಾಲು ಆರ್ಡರ್ ಅದರ ಮೂಲಕವೇ ಬರುತ್ತದೆ. ಈ ಸಂಸ್ಥೆಯ ಲೆಕ್ಕಪತ್ರ, ಜಿಎಸ್‌ಟಿ ಮತ್ತು ಒಪ್ಪಂದಗಳನ್ನು ನೋಡಿಕೊಳ್ಳುವವನು ನಾನು. 2025ರ ಚೌತಿಯ ಆಸುಪಾಸಿನಲ್ಲಿ ನಡೆದ ಈ ಪ್ರಕರಣವನ್ನು, ಎರಡೂ ಕಡೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ದಾಖಲಿಸುತ್ತಿದ್ದೇನೆ.

ದೂರು ಕೊಟ್ಟವರು ಡೊಂಬಿವಲಿಯ ನಿವಾಸಿ, ಮೂಲತಃ ಕುಂದಾಪುರ ಕಡೆಯವರು, ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದ ಹಿರಿಯರು. ಅವರಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಫೋನಿನಲ್ಲಿ ಟಾಕ್‌ಬ್ಯಾಕ್, ಮನೆಯ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸಿ ಕರೆಂಟು ಬಿಲ್ಲು, ರೈಲಿನ ಟಿಕೆಟ್, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ. ಚೌತಿಗೆ ಎರಡು ವಾರ ಇರುವಾಗ ಅವರು ಈ ಅಂಗಡಿಯ ಜಾಲತಾಣದಲ್ಲಿ ಐದು ಕೆಜಿ ಕುಚ್ಚಲಕ್ಕಿಯನ್ನೂ ಒಂದು ಕಟ್ಟು ಹಲಸಿನ ಹಪ್ಪಳವನ್ನೂ ತರಿಸಲು ಹೊರಟರು. ಮೂರನೆಯ ದಿನ ಬಾಗಿಲಿಗೆ ಬಂದದ್ದು ಐದು ಕೆಜಿ ಅಕ್ಕಿ ಮತ್ತು ಏಳು ಕಟ್ಟು ಹಪ್ಪಳ. ತಂದ ಹುಡುಗ ಏಳು ಕಟ್ಟಿನ ಹಣವನ್ನೂ ಕೇಳಿದ. ಹಿಂದಿರುಗಿಸುವ ನಿಯಮವೇನೆಂದು ತಿಳಿಯಲು ಅವರು ಮತ್ತೆ ಜಾಲತಾಣಕ್ಕೆ ಹೋದರೆ, ಆ ನಿಯಮಗಳಿದ್ದದ್ದು ಲೆಟರ್‌ಹೆಡ್ಡನ್ನು ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್‌ನಲ್ಲಿ. ಸ್ಕ್ರೀನ್ ರೀಡರ್ ಪಾಲಿಗೆ ಅದು ಖಾಲಿ ಹಾಳೆ.

ಅವರು ವಾಟ್ಸ್ಆ್ಯಪ್‌ನಲ್ಲಿ ಅಂಗಡಿಗೆ ಧ್ವನಿ ಸಂದೇಶ ಕಳಿಸಿ, ಜಾಲತಾಣದಲ್ಲಿ ಒತ್ತುವ ಗುಂಡಿಗಳಿಗೆ (ಬಟನ್‌ಗಳಿಗೆ) ಸ್ಕ್ರೀನ್ ರೀಡರ್ ಓದಬಲ್ಲ ಹೆಸರೇ ಇಲ್ಲವೆಂದು ವಿವರಿಸಿದರು. ಕೌಂಟರಿನಲ್ಲಿದ್ದ ಹುಡುಗ ಉತ್ತರ ಬರೆದ: "ಅಂಕಲ್, ಮನೆಯಲ್ಲಿ ಯಾರಾದ್ರೂ ಇದ್ರೆ ಅವರ ಕೈಲಿ ಆರ್ಡರ್ ಮಾಡಿಸಿ." ಅವನಿಗೆ ಅವಮಾನಿಸುವ ಉದ್ದೇಶವಿರಲಿಲ್ಲ, ಸಹಾಯ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದ. ಆದರೆ ಪ್ರಕರಣ ಹುಟ್ಟಿದ್ದು ಏಳು ಕಟ್ಟು ಹಪ್ಪಳದಿಂದಲ್ಲ, ಈ ಒಂದು ಸಾಲಿನಿಂದ. ವಾರದೊಳಗೆ ಪಾಲುದಾರರಿಬ್ಬರ ಹೆಸರಿಗೆ ಎರಡು ಪುಟಗಳ ಇಮೇಲ್ ಬಂತು. ಜೊತೆಗೆ, ಪುಣೆಯಲ್ಲಿರುವ ಮಹಾರಾಷ್ಟ್ರದ ವಿಕಲಚೇತನರ ಆಯುಕ್ತರಿಗೆ ಸಲ್ಲಿಸಲು ಸಿದ್ಧಪಡಿಸಿದ ದೂರಿನ ಕರಡೂ ಇತ್ತು. ಮೂವತ್ತು ದಿನಗಳಲ್ಲಿ ಸರಿಪಡಿಸದಿದ್ದರೆ ಆ ದೂರು ಸಲ್ಲಿಕೆಯಾಗುತ್ತದೆ ಎಂಬ ಮಾತನ್ನು, ಬೆದರಿಕೆಯ ಧಾಟಿಯೇ ಇಲ್ಲದೆ, ಕೊನೆಯ ಸಾಲಿನಲ್ಲಿ ಬರೆದಿದ್ದರು.

ಪಾಲುದಾರರಲ್ಲಿ ತಮ್ಮನಾದವರು ಆ ಇಮೇಲನ್ನು ನನಗೆ ಕಳಿಸಿ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ನಮ್ಮದೇನು ಸರ್ಕಾರಿ ವೆಬ್‌ಸೈಟೇ?" ಎಂಬುದು. ಉತ್ತರ ಅವರು ನಿರೀಕ್ಷಿಸಿದಂತಿಲ್ಲದಿದ್ದರೂ ಪ್ರಶ್ನೆ ಸರಿಯಾದದ್ದೇ.

ಭಾರತವು ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದಕ್ಕೆ ತಕ್ಕ ಕಾಯ್ದೆ ಬರಲು ಒಂಬತ್ತು ವರ್ಷ ಹಿಡಿಯಿತು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಈ ಕಾಯ್ದೆ 'ಖಾಸಗಿ ಸಂಸ್ಥೆ' ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಕಂಪನಿ, ಸಹಕಾರ ಸಂಘ, ಟ್ರಸ್ಟ್, ಕಾರ್ಖಾನೆಗಳ ಜೊತೆಗೆ 'ಫರ್ಮ್' ಎಂಬ ಪದವೂ ಇದೆ; ಅಣ್ಣತಮ್ಮಂದಿರ ಪಾಲುದಾರಿಕೆ ಅದರೊಳಗೆ ನೇರವಾಗಿ ಬರುತ್ತದೆ. ಸಾರ್ವಜನಿಕ ಸೌಲಭ್ಯ ಮತ್ತು ಸೇವೆ ಎಂದರೇನು ಎಂಬ ವ್ಯಾಖ್ಯೆಯಲ್ಲಿ ಬ್ಯಾಂಕು, ಆಸ್ಪತ್ರೆ, ಸಾರಿಗೆಗಳ ಸಾಲಿನಲ್ಲಿ ಖರೀದಿ ಮತ್ತು ಮಾರಾಟವನ್ನೂ ಸೇರಿಸಲಾಗಿದೆ. ಇನ್ನು ಕಲಂ 46, ಸೇವೆ ಒದಗಿಸುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ, ಕಲಂ 40ರ ಅಡಿಯಲ್ಲಿ ಕೇಂದ್ರ ಸರ್ಕಾರ ರಚಿಸುವ ಸುಗಮ್ಯತೆಯ, ಎಂದರೆ ವಿಕಲಚೇತನರೂ ಅಡಚಣೆಯಿಲ್ಲದೆ ಬಳಸುವಂತಿರುವುದರ, ನಿಯಮಗಳಿಗೆ ಅನುಗುಣವಾಗಿ, ಆ ನಿಯಮಗಳು ಪ್ರಕಟವಾದ ಎರಡು ವರ್ಷಗಳೊಳಗೆ ಸೇವೆ ಒದಗಿಸತಕ್ಕದ್ದು ಎನ್ನುತ್ತದೆ. ನಿಯಮಗಳು ಪ್ರಕಟವಾದದ್ದು 2017ರ ಜೂನ್ 15ರಂದು. ಎಂದರೆ ನಮ್ಮ ಅಂಗಡಿಯವರು ಜಾಲತಾಣ ಮಾಡಿಸುವ ಹೊತ್ತಿಗೆ ಆ ಗಡುವು ಮುಗಿದು ಎರಡು ವರ್ಷ ಕಳೆದಿತ್ತು.

ಅಂಗಡಿ ಚಿಕ್ಕದು, ಏಳೇ ಜನರ ಸಂಸ್ಥೆ ಎಂಬ ಮಾತನ್ನು ಅಣ್ಣ ಎತ್ತಿದರು. ಮುಂಬಯಿಯ ಅಂಗಡಿಕಾರರಿಗೆ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತು. ದೇವನಾಗರಿಯಲ್ಲಿ ಮರಾಠಿ ನಾಮಫಲಕ ಹಾಕಬೇಕೆಂಬ ಕಟ್ಟಳೆಯಿಂದ ಹತ್ತಕ್ಕಿಂತ ಕಡಿಮೆ ನೌಕರರಿದ್ದ ಅಂಗಡಿಗಳು ಹೊರಗಿದ್ದವು. 2022ರ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ವಿಕಲಚೇತನರ ಕಾಯ್ದೆಯಲ್ಲಿಯೂ ನೌಕರರ ಸಂಖ್ಯೆಯ ಲೆಕ್ಕ ಒಂದು ಕಡೆ ಬರುತ್ತದೆ. ಪ್ರತಿಯೊಂದು ಸಂಸ್ಥೆಯೂ ಪ್ರಕಟಿಸಬೇಕಾದ ಸಮಾನ ಅವಕಾಶ ನೀತಿಯಲ್ಲಿ ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಹೆಚ್ಚಿನ ವಿವರ ಕೊಡಬೇಕು, ಅದಕ್ಕಿಂತ ಚಿಕ್ಕವರು ಕಡಿಮೆ ಕೊಟ್ಟರೆ ಸಾಕು. ಆದರೆ ಕಲಂ 46ರಲ್ಲಿ ಅಂಥ ರಿಯಾಯಿತಿ ಇಲ್ಲ. ಯುರೋಪಿನಲ್ಲಿ 2025ರ ಜೂನ್ 28ರಿಂದ ಅನ್ವಯವಾಗುತ್ತಿರುವ ಸುಗಮ್ಯತಾ ಕಾಯ್ದೆಯು ಹತ್ತಕ್ಕಿಂತ ಕಡಿಮೆ ಜನರಿರುವ, ವಹಿವಾಟೂ ಮಿತಿಯೊಳಗಿರುವ ಸೇವಾ ಸಂಸ್ಥೆಗಳನ್ನು ಕೈಬಿಟ್ಟಿದೆ. ನಮ್ಮ ಶಾಸನ ಹಾಗೆ ಮಾಡಿಲ್ಲ. ಮಾಡಬೇಕಿತ್ತೇ ಎಂಬುದು ಬೇರೆ ಚರ್ಚೆ. ಚಿಕ್ಕವರಿಗೆ ಒಂದಿಷ್ಟು ಹೆಚ್ಚಿನ ಕಾಲಾವಕಾಶ ಕೊಡುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಇಲ್ಲದ ವಿನಾಯಿತಿಯನ್ನು ಇದೆಯೆಂದು ನನ್ನ ಕಕ್ಷಿದಾರರಿಗೆ ಹೇಳಲು ಬರುವುದಿಲ್ಲ.

ಇಷ್ಟರಲ್ಲಿ ಅವರ ಪರಿಚಯದ ವಕೀಲರೊಬ್ಬರು ಒಂದು ವಾದ ಮುಂದಿಟ್ಟರು, ಮತ್ತು ಈ ಪ್ರಕರಣದಲ್ಲಿ ಕಾನೂನಿನ ದೃಷ್ಟಿಯಿಂದ ತೂಕವಿದ್ದ ವಾದ ಅದೊಂದೇ. ಸುಗಮ್ಯತೆಯ ಮಾನದಂಡಗಳನ್ನು ಹೇಳುವ ನಿಯಮ 15ನ್ನೇ ಸುಪ್ರೀಂ ಕೋರ್ಟ್ ಅಸಿಂಧುವೆಂದು ಹೇಳಿರುವಾಗ, ಇಲ್ಲದ ನಿಯಮವನ್ನು ಪಾಲಿಸಲಿಲ್ಲವೆಂದು ದೂರುವುದು ಹೇಗೆ?

ಇದಕ್ಕೆ ಉತ್ತರಿಸಲು ನಿಯಮ 15ರ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ. 2017ರಲ್ಲಿ ಆ ನಿಯಮವು ಜಾಲತಾಣಗಳಿಗೆ ಮಾನದಂಡವೆಂದು ಸೂಚಿಸಿದ್ದು ಭಾರತ ಸರ್ಕಾರದ ಜಾಲತಾಣಗಳಿಗಾಗಿ ಬರೆದ ಮಾರ್ಗಸೂಚಿಯನ್ನು. ಜಾಲತಾಣಕ್ಕೆ ಹಾಕುವ ದಾಖಲೆಗಳು ಇ-ಪಬ್ ಎಂಬ ಇ-ಪುಸ್ತಕದ ರೂಪದಲ್ಲಿ ಇಲ್ಲವೇ ಅಕ್ಷರ ಗುರುತಿಸಬಹುದಾದ ಪಿಡಿಎಫ್ ರೂಪದಲ್ಲಿ ಇರಬೇಕೆಂದೂ ಅದು ಹೇಳಿತ್ತು. ಮಾರ್ಗಸೂಚಿಯ ಹೆಸರಿನಲ್ಲೇ 'ಸರ್ಕಾರ' ಎಂದಿದ್ದುದರಿಂದ ಖಾಸಗಿಯವರು ಅದು ತಮಗಲ್ಲವೆಂದು ನಿಶ್ಚಿಂತೆಯಿಂದ ಇದ್ದರು. ತಮ್ಮನ ಪ್ರಶ್ನೆಯ ಮೂಲವೂ ಅದೇ. 2022ರಲ್ಲಿ ವಿಕಲಚೇತನರ ಮುಖ್ಯ ಆಯುಕ್ತರು, ಆರೋಗ್ಯ ಸೇವೆಯ ಒಂದು ಖಾಸಗಿ ಆ್ಯಪ್ ಕುರಿತ ದೂರಿನಲ್ಲಿ, ಕಲಂ 46 ಖಾಸಗಿಯವರಿಗೂ ಅನ್ವಯಿಸುತ್ತದೆ ಎಂದರು. 2023ರ ತಿದ್ದುಪಡಿಯಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಎಂಬ ಮಾನಕ ನಿಯಮದೊಳಗೆ ಬಂತು. ಎರಡು ಭಾಗಗಳ ಈ ಮಾನಕದ ಮೊದಲ ಭಾಗ ಏನೇನು ಇರಬೇಕೆಂಬುದನ್ನು ಹೇಳಿದರೆ, ಎರಡನೆಯದು ಅದು ಇದೆಯೋ ಇಲ್ಲವೋ ಎಂದು ಪರೀಕ್ಷಿಸುವ ಬಗೆಯನ್ನು ಹೇಳುತ್ತದೆ. ಜಾಲತಾಣದ ಮಟ್ಟಿಗೆ ಅದರ ಹುರುಳು ಜಾಲತಾಣಗಳ ಸುಗಮ್ಯತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿ 2.1ರ ನಡುವಿನ ಎಎ ಹಂತದ್ದೇ.

ಇಲ್ಲಿಂದ ಮುಂದೆ 2024ರ ನವೆಂಬರ್ 8ರ ತೀರ್ಪು. ರಾಜೀವ್ ರತೂರಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ನೇತೃತ್ವದ ಪೀಠವು ನಿಯಮ 15(1) ಮೂಲ ಕಾಯ್ದೆಯನ್ನು ಮೀರಿದ್ದೆಂದು ಘೋಷಿಸಿದ್ದು ನಿಜ. ಆದರೆ ಅದಕ್ಕೆ ಕೊಟ್ಟ ಕಾರಣ ವಕೀಲರ ವಾದಕ್ಕೆ ನೇರ ವಿರುದ್ಧವಾದದ್ದು. ಕಾಯ್ದೆ 'ಕಡ್ಡಾಯ' ಎಂದದ್ದನ್ನು ನಿಯಮವು ಬರಿಯ ಮಾರ್ಗಸೂಚಿಗಳ ಪಟ್ಟಿಯಾಗಿ ಸಡಿಲಿಸಿದೆ, ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬ ಕನಿಷ್ಠ ಮಟ್ಟವನ್ನೇ ನಿಗದಿ ಮಾಡಿಲ್ಲ ಎಂಬುದು ನ್ಯಾಯಾಲಯದ ಆಕ್ಷೇಪ. ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ಬೇರ್ಪಡಿಸಿ ರಚಿಸಬೇಕೆಂದೂ, ಹಾಗೆ ರಚನೆಯಾದ ಮೇಲೆ ಪಾಲಿಸದವರ ಮೇಲೆ ದಂಡವೂ ಸೇರಿದಂತೆ ಕಾಯ್ದೆಯ ಪರಿಣಾಮಗಳು ಜಾರಿಯಾಗಬೇಕೆಂದೂ ನಿರ್ದೇಶಿಸಿತು. ಈ ತೀರ್ಪನ್ನು ಬಾಧ್ಯತೆಯಿಂದ ಬಿಡುಗಡೆಯ ಪತ್ರವೆಂದು ಓದುವುದು, ಬಾಡಿಗೆ ಸಾಲದೆಂದು ಮಾಲೀಕ ಹಳೆಯ ಕರಾರನ್ನು ಹರಿದರೆ ಇನ್ನು ಬಾಡಿಗೆಯೇ ಇಲ್ಲವೆಂದು ಬಾಡಿಗೆದಾರ ಸಂಭ್ರಮಿಸಿದಂತೆ.

2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯದ ಇನ್ನೊಂದು ಪೀಠ, ಆಸಿಡ್ ದಾಳಿಗೆ ಒಳಗಾದವರು ಹಾಗೂ ದೃಷ್ಟಿಯಿಲ್ಲದವರು ಡಿಜಿಟಲ್ ಕೆವೈಸಿಯಲ್ಲಿ ಅನುಭವಿಸುವ ತೊಡಕುಗಳ ಬಗೆಗಿನ ಅರ್ಜಿಗಳಲ್ಲಿ, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು. ಅವು ಮುಖ್ಯವಾಗಿ ಬ್ಯಾಂಕು ಮೊದಲಾದ ನಿಯಂತ್ರಿತ ಸಂಸ್ಥೆಗಳನ್ನು ಉದ್ದೇಶಿಸಿದವು. ದಿನಸಿ ಅಂಗಡಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆಯುಕ್ತರ ಮುಂದೆ ಹೋದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಇದರಿಂದ ಸ್ಪಷ್ಟವಿತ್ತು.

ದಂಡದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಕಲಂ 89ರ ಪ್ರಕಾರ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ನಂತರದ ಉಲ್ಲಂಘನೆಗೆ 50,000ಕ್ಕೆ ಕಡಿಮೆಯಿಲ್ಲದಂತೆ 5 ಲಕ್ಷದವರೆಗೆ ದಂಡ. ಕಲಂ 90 ಕಂಪನಿಗಳ ಅಪರಾಧದ ಬಗ್ಗೆ ಹೇಳುವಾಗ ಫರ್ಮನ್ನೂ ಕಂಪನಿಯೆಂದೇ ಪರಿಗಣಿಸುವುದರಿಂದ ಪಾಲುದಾರರು ವೈಯಕ್ತಿಕವಾಗಿ ಹೊಣೆಗಾರರಾಗಬಹುದು. ರಾಜ್ಯ ಆಯುಕ್ತರಿಗೆ ಸಮನ್ಸ್ ಕೊಡುವ, ದಾಖಲೆ ತರಿಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಅವರ ತೀರ್ಮಾನ ಶಿಫಾರಸಿನ ರೂಪದ್ದು. ಅಣ್ಣನನ್ನು ನಿಜವಾಗಿ ಚಿಂತೆಗೆ ಹಚ್ಚಿದ್ದು ಹತ್ತು ಸಾವಿರದ ಅಂಕಿಯಲ್ಲ. ಸಮನ್ಸ್ ಬಂದರೆ ಚೌತಿ, ನವರಾತ್ರಿಯ ವ್ಯಾಪಾರದ ನಡುವೆ ಪುಣೆಗೆ ಓಡಾಡಬೇಕೆಂಬುದು.

ಕಾನೂನಿನ ಮಾತು ಅಲ್ಲಿಗೆ ನಿಲ್ಲಿಸಿ, ದೂರುದಾರರನ್ನೇ ಅಂಗಡಿಗೆ ಕರೆದು ಅವರ ಫೋನಿನಲ್ಲಿ ಜಾಲತಾಣವನ್ನು ನೋಡೋಣವೆಂದು ನಾನು ಸೂಚಿಸಿದೆ. ಒಂದು ಭಾನುವಾರ ಮಧ್ಯಾಹ್ನ, ಅಂಗಡಿಯ ಹಿಂದಿನ ಗೋದಾಮಿನಲ್ಲಿ ಅಕ್ಕಿ ಮೂಟೆಗಳ ಮೇಲೆ ಕುಳಿತೆವು. "ಶೆಟ್ರೇ, ನೀವು ಕಣ್ಣು ಮುಚ್ಚಿಕೊಳ್ಳಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ" ಎಂದು ಹೇಳಿ ಆ ಹಿರಿಯರು ಫೋನಿನ ಧ್ವನಿಯನ್ನು ಜೋರು ಮಾಡಿದರು. ಬೆರಳನ್ನು ಪರದೆಯ ಮೇಲೆ ಬಲಕ್ಕೆ ಸರಿಸಿದಂತೆ ಟಾಕ್‌ಬ್ಯಾಕ್ ಒಂದೊಂದೇ ಅಂಶವನ್ನು ಓದುತ್ತ ಹೋಗುತ್ತದೆ. ಹಲಸಿನ ಹಪ್ಪಳದ ಪುಟದಲ್ಲಿ ನಾವು ಕೇಳಿದ್ದು ಇಷ್ಟು: ಮೊದಲು ಚಿತ್ರದ ಕಡತದ ಹೆಸರು, "ಐಎಂಜಿ" ಎಂದು ಶುರುವಾಗಿ ಅಂಕಿಗಳ ಸಾಲು. ಆಮೇಲೆ "ಲೇಬಲ್ ಇಲ್ಲದ ಬಟನ್". ಮತ್ತೆ "ಲೇಬಲ್ ಇಲ್ಲದ ಬಟನ್". ಆಮೇಲೆ ಒಂದು ಬೆಲೆ. ಮತ್ತೆ "ಲೇಬಲ್ ಇಲ್ಲದ ಬಟನ್".

ಮೊದಲ ಗುಂಡಿ ಕಳೆಯುವ ಚಿಹ್ನೆ, ಎರಡನೆಯದು ಕೂಡುವ ಚಿಹ್ನೆ, ಮೂರನೆಯದು ಕಾರ್ಟಿನ ಚಿತ್ರ. ಕಣ್ಣಿದ್ದವರಿಗೆ ಮೂರೂ ಸ್ಪಷ್ಟ. ಕೇಳುವವರಿಗೆ ಮೂರೂ ಒಂದೇ. ಇದರಲ್ಲಿ ಯಾವುದು ಕಾರ್ಟಿಗೆ ಹಾಕುವ ಗುಂಡಿ ಎಂದು ತಿಳಿಯಲು ಅವರು ಎರಡನೆಯದನ್ನು ಒತ್ತಿದ್ದರು, ಏನೂ ಸದ್ದಾಗಲಿಲ್ಲ, ಮತ್ತೆ ಒತ್ತಿದರು. ಪರದೆಯ ಮೇಲೆ ಅಂಕಿ ಒಂದರಿಂದ ಏಳಕ್ಕೆ ಏರುತ್ತಿತ್ತು, ಆದರೆ ಆ ಬದಲಾವಣೆಯನ್ನು ಸ್ಕ್ರೀನ್ ರೀಡರಿಗೆ ತಿಳಿಸುವ ವ್ಯವಸ್ಥೆ ಪುಟದಲ್ಲಿರಲಿಲ್ಲ. ತಮ್ಮ ಇದನ್ನು ಕೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಬಳಿಕ ಎದ್ದು ಹೋಗಿ ವಾಟ್ಸ್ಆ್ಯಪ್ ಉತ್ತರ ಬರೆದಿದ್ದ ಹುಡುಗನನ್ನೂ ಒಳಗೆ ಕರೆತಂದು ಕೂರಿಸಿದರು.

ವಿಳಾಸದ ಪುಟದಲ್ಲಿ ಹೆಸರು, ಕಟ್ಟಡ, ಪಿನ್‌ಕೋಡ್ ಎಂಬ ಪದಗಳು ಖಾನೆಗಳೊಳಗೆ ಮಸುಕಾಗಿ ಕಾಣುತ್ತಿದ್ದವು, ಆದರೆ ಬರೆಯಲು ತೊಡಗಿದೊಡನೆ ಅಳಿಸಿಹೋಗುತ್ತಿದ್ದವು. ತಪ್ಪಾದ ಖಾನೆಯ ಅಂಚು ಕೆಂಪಾಗುತ್ತಿತ್ತು, ತಪ್ಪೇನೆಂದು ಎಲ್ಲಿಯೂ ಅಕ್ಷರದಲ್ಲಿ ಇರಲಿಲ್ಲ. ಆಮೇಲೆ ಸೊಟ್ಟ ಅಕ್ಷರಗಳನ್ನು ಗುರುತಿಸಿ ಬರೆಯಬೇಕಾದ ಕ್ಯಾಪ್ಚಾ. ಅದಕ್ಕೆ ಧ್ವನಿಯ ಪರ್ಯಾಯವಿಲ್ಲ. ನೆರೆಮನೆಯ ಹುಡುಗಿಯನ್ನು ಕರೆದು ಆ ಒಂದು ಹಂತ ದಾಟಿದ್ದಾಗಿ ಅವರು ಹೇಳಿದರು. ಹಣ ಕೊಡುವ ಪುಟದಲ್ಲಿ ಯುಪಿಐಗೆ ಇದ್ದದ್ದು ಕ್ಯೂಆರ್ ಕೋಡಿನ ಚಿತ್ರವೊಂದೇ. ಅದೇ ಫೋನಿನಲ್ಲಿ ತೆರೆದ ಚಿತ್ರವನ್ನು ಅದೇ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವುದು ಕಣ್ಣಿದ್ದವರಿಗೂ ಆಗದ ಕೆಲಸ. ಕಣ್ಣಿದ್ದವರಾದರೆ ಸ್ಕ್ರೀನ್‌ಶಾಟ್ ತೆಗೆದು ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ಈ ಹಿರಿಯರು ಮನೆಗೆ ಬಂದಾಗ ನಗದು ಕೊಡುವ ಆಯ್ಕೆಗೆ ಹೋಗಬೇಕಾಯಿತು.

ಕನ್ನಡ ಪುಟದ ಕಥೆ ಇನ್ನೊಂದು ಬಗೆಯದು, ಮತ್ತು ಕನ್ನಡದಲ್ಲಿ ವ್ಯವಹಾರ ನಡೆಸುವವರೆಲ್ಲ ಇದನ್ನು ಗಮನಿಸಬೇಕೆಂದು ನನಗೆ ಅನ್ನಿಸಿದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜಾಲತಾಣ ಇಂಗ್ಲಿಷ್, ಮರಾಠಿ, ಕನ್ನಡ ಮೂರರಲ್ಲೂ ಇದೆ ಎಂಬುದು ಅಣ್ಣನಿಗೆ ಹೆಮ್ಮೆಯ ವಿಷಯವಾಗಿತ್ತು. ಕನ್ನಡದ ಪಠ್ಯವನ್ನು ಊರಿನ ಪ್ರಿಂಟಿಂಗ್ ಪ್ರೆಸ್ಸಿನವರಿಂದ ಟೈಪ್ ಮಾಡಿಸಿ ತರಿಸಿದ್ದರು. ಅದು ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯೂನಿಕೋಡ್ ಅಕ್ಷರಗಳಲ್ಲಿರದೆ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ಅಂಥ ಪಠ್ಯ ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿನ ಪಾಲಿಗೆ ಅದು ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳ ಅರ್ಥವಿಲ್ಲದ ಸಾಲು. 'ಕುಚ್ಚಲಕ್ಕಿ' ಎಂಬಲ್ಲಿಗೆ ಬಂದಾಗ ಫೋನು ತೊದಲಿ ತೊದಲಿ ಏನನ್ನೋ ಒದರಿತು. ಮುಖಪುಟದ ಕೆಲವು ಸಾಲುಗಳು ಯೂನಿಕೋಡಿನಲ್ಲೇ ಇದ್ದವು. ಆದರೆ ಪುಟದ ಭಾಷೆ ಇಂಗ್ಲಿಷ್ ಎಂದು ಸಂಕೇತದಲ್ಲಿ (ಕೋಡ್‌ನಲ್ಲಿ) ನಮೂದಾಗಿದ್ದರಿಂದ ಎನ್‌ವಿಡಿಎ ಅದನ್ನು ಇಂಗ್ಲಿಷ್ ಧ್ವನಿಯಿಂದ ಓದಲು ಹೊರಟು ಅಕ್ಷರಗಳನ್ನೇ ನುಂಗಿಹಾಕುತ್ತಿತ್ತು. ಪುಟದ ಭಾಷೆಯನ್ನು ಸರಿಯಾಗಿ ನಮೂದಿಸುವುದು ಡಬ್ಲ್ಯೂಸಿಎಜಿಯ ಅತ್ಯಂತ ಕೆಳಗಿನ ಎ ಹಂತದ ಅಗತ್ಯ, ಮತ್ತು ಸರಿಪಡಿಸಲು ಬೇಕಾದದ್ದು ಎರಡೇ ಅಕ್ಷರ. "ನಮ್ಮ ಭಾಷೆಯಲ್ಲಿದೆ ಅಂತ ಹೇಳಿ ಇಲ್ಲಿಗೆ ಬಂದೆ, ನನಗೆ ಇಂಗ್ಲಿಷ್ ಪುಟವೇ ಮೇಲಾಯ್ತು" ಎಂದ ಹಿರಿಯರ ಮಾತು ಅಣ್ಣನಿಗೆ ದಂಡದ ಕಲಮಿಗಿಂತ ಹೆಚ್ಚು ನಾಟಿತು.

ಹೊಣೆ ಯಾರದು ಎಂಬ ಪ್ರಶ್ನೆ ಸಹಜವಾಗಿಯೇ ಮುಂದೆ ಬಂತು. ಜಾಲತಾಣ ಮಾಡಿಕೊಟ್ಟ ಅಂಧೇರಿಯ ಚಿಕ್ಕ ಸಂಸ್ಥೆಗೆ ಫೋನು ಹೋಯಿತು. "ನೀವು ಕೇಳಿರಲಿಲ್ಲ" ಎಂಬುದು ಅವರ ಉತ್ತರ, ಮತ್ತು ಅದು ನಿಜ. ಎರಡು ಪುಟದ ಒಪ್ಪಂದದಲ್ಲಿ ಮೊಬೈಲಿಗೆ ಹೊಂದುವ ವಿನ್ಯಾಸ, ಮೂರು ಭಾಷೆ, ಪೇಮೆಂಟ್ ಗೇಟ್‌ವೇ, ಒಂದು ವರ್ಷದ ನಿರ್ವಹಣೆ ಇತ್ತು. ಸುಗಮ್ಯತೆಯ ಮಾತೇ ಇರಲಿಲ್ಲ. ಆ ಒಪ್ಪಂದವನ್ನು ಓದಿ, ಪಾವತಿಯ ಕಂತುಗಳನ್ನು ಮಾತ್ರ ತಿದ್ದಿ, ಸಹಿ ಹಾಕಬಹುದೆಂದು ಹೇಳಿದವನು ನಾನು. ಜಾಲತಾಣ ಯಾರು ಕಟ್ಟಿದರೆಂದು ಕಲಂ 46 ಕೇಳುವುದಿಲ್ಲ. ಸೇವೆ ಒದಗಿಸುವವನು ಯಾರೆಂದು ಕೇಳುತ್ತದೆ. ಗಿರಾಕಿಯ ಎದುರಿಗೆ ಅಂಗಡಿಯೇ ಉತ್ತರಿಸಬೇಕು. ಕಟ್ಟಿಕೊಟ್ಟವರಿಂದ ವಸೂಲು ಮಾಡಬೇಕಾದರೆ ಅದಕ್ಕೆ ಆಧಾರ ಒಪ್ಪಂದದಲ್ಲಿರಬೇಕು, ನಮ್ಮಲ್ಲಿ ಅದು ಇರಲಿಲ್ಲ. ಎಷ್ಟೋ ಚಿಕ್ಕ ಸಂಸ್ಥೆಗಳು ಈ ಕಾಯ್ದೆಯಲ್ಲಿ ಎಡವುವುದು ಸಂಕೇತ ಬರೆಯುವ ಹಂತದಲ್ಲಿ ಅಲ್ಲ, ಕರಾರಿಗೆ ಸಹಿ ಹಾಕುವ ಹಂತದಲ್ಲಿ ಎಂದು ನನಗೆ ಮನವರಿಕೆಯಾದದ್ದು ಆಗ.

ಅಂಧೇರಿಯವರು ಒಂದು ಅಗ್ಗದ ಪರಿಹಾರವನ್ನೂ ಮುಂದಿಟ್ಟರು. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಚಿಹ್ನೆಯ ಒಂದು ಗುಂಡಿ; ಅದನ್ನು ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ; ತಿಂಗಳ ಚಂದಾ ಕಟ್ಟಿದರೆ ಇಡೀ ಜಾಲತಾಣ ತಾನಾಗಿ ಕಾನೂನಿಗೆ ಒಪ್ಪುವಂತಾಗುತ್ತದೆ ಎಂಬ ಭರವಸೆ. ತಮ್ಮ ಹೂಂ ಎನ್ನುವವರಿದ್ದರು. ಹೆಸರಿಲ್ಲದ ಗುಂಡಿಗಳಿರುವ ಪುಟಕ್ಕೆ ಇನ್ನೊಂದು ಗುಂಡಿ ಸೇರಿಸಿದರೆ ಹಳೆಯವುಗಳಿಗೆ ಸರಿಯಾದ ಹೆಸರು ಬರುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಇಂಥ ಉಪಕರಣ ಮಾರುವ ಸಂಸ್ಥೆಯೊಂದು ಯಾವುದೇ ಜಾಲತಾಣವನ್ನು ಮಾನದಂಡಕ್ಕೆ ತರುತ್ತೇನೆಂದು ಹೇಳಿಕೊಂಡದ್ದು ದಾರಿತಪ್ಪಿಸುವಂಥದ್ದೆಂದು ಆರೋಪಿಸಿ, 10 ಲಕ್ಷ ಡಾಲರ್ ಪಾವತಿಯ ಆದೇಶವನ್ನು 2025ರ ಜನವರಿಯಲ್ಲಿ ಪ್ರಕಟಿಸಿದ ಸಂಗತಿಯನ್ನು ತೋರಿಸಿದ ಮೇಲೆ ಆ ಮಾತು ಅಲ್ಲಿಗೆ ನಿಂತಿತು.

ಕೆಲಸವನ್ನು ಆದ್ಯತೆಯ ಮೇಲೆ ವಿಂಗಡಿಸಿದೆವು. ಜಾಲತಾಣದ ನೂರಾರು ಚಿತ್ರಗಳಿಗೆ ವಿವರಣೆ ಬರೆಯುವುದು ತಡವಾದರೂ ನಡೆಯುತ್ತದೆ, ಆದರೆ ಒಬ್ಬ ಗಿರಾಕಿ ಯಾರ ನೆರವೂ ಇಲ್ಲದೆ ಒಂದು ಸಾಮಾನನ್ನು ಆರಿಸಿ, ಹಣ ಕೊಟ್ಟು, ರಸೀದಿ ಪಡೆಯುವ ದಾರಿ ಮೊದಲು ತೆರೆಯಬೇಕೆಂದು ನಿಶ್ಚಯಿಸಿದೆವು. ಕೂಡುವ, ಕಳೆಯುವ ಗುಂಡಿಗಳಿಗೆ ಸಾಮಾನಿನ ಹೆಸರೂ ಸೇರಿದ ಲೇಬಲ್ ಬಂತು; ಪ್ರಮಾಣ ಬದಲಾದಾಗ "ಹಲಸಿನ ಹಪ್ಪಳ, 2 ಕಟ್ಟು" ಎಂದು ತಾನಾಗಿ ಓದಿಸುವಂತಾಯಿತು. ಖಾನೆಗಳ ಮೇಲೆ ಅಳಿಸಿಹೋಗದ ಶೀರ್ಷಿಕೆ ಬಂತು, ತಪ್ಪು ಏನೆಂಬುದು ಅಕ್ಷರದಲ್ಲಿ ಕಾಣಿಸಿಕೊಂಡಿತು. ಕ್ಯಾಪ್ಚಾ ತೆಗೆದು ಮೊಬೈಲ್ ಒಟಿಪಿ ಇಟ್ಟರು, ಅದರ ಸಮಯವನ್ನು ವಿಸ್ತರಿಸಿಕೊಳ್ಳುವ ಅವಕಾಶ ಸಹಿತ. ಕ್ಯೂಆರ್ ಚಿತ್ರದ ಕೆಳಗೆ ಯುಪಿಐ ಐಡಿ ಅಕ್ಷರದಲ್ಲಿಯೂ, ನೇರ ಯುಪಿಐ ಆ್ಯಪ್ ತೆರೆಯುವ ಕೊಂಡಿಯಾಗಿಯೂ ಬಂತು. ಹಿಂದಿರುಗಿಸುವ ನಿಯಮಗಳ ಪಿಡಿಎಫ್ ಹೋಗಿ ಸಾಮಾನ್ಯ ಪುಟ ಬಂತು. ರಿಯಾಯಿತಿಯ ಬೆಲೆಯನ್ನು ಬಿಳಿಯ ಮೇಲೆ ತಿಳಿ ಹಳದಿಯಲ್ಲಿ ಬರೆದಿದ್ದರು. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಹಿನ್ನೆಲೆಯೊಡನೆ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಬೇಕೆಂಬ ಲೆಕ್ಕದಲ್ಲಿ ಅದನ್ನು ಕಡುಗೆಂಪಿಗೆ ತಿರುಗಿಸಿದರು. ಇದರಿಂದ ಉಪಕಾರವಾದದ್ದು ದೃಷ್ಟಿ ಮಂದವಾಗಿರುವ ಗಿರಾಕಿಗಳಿಗೆ, ಮತ್ತು ತಮಾಷೆಯೆಂದರೆ, ಕನ್ನಡಕ ಮರೆತು ಬರುವ ಅಣ್ಣನಿಗೇ.

ಚಿತ್ರಗಳ ವಿವರಣೆಯ ವಿಷಯದಲ್ಲಿ ಒಂದು ಸಣ್ಣ ವಾಗ್ವಾದ ನಡೆಯಿತು. ಅಂಧೇರಿಯ ಹುಡುಗರು 'ಬಿಳಿ ಹಿನ್ನೆಲೆಯಲ್ಲಿ ಕಂದು ಬಣ್ಣದ ಚೀಲ' ಎಂಬಂತೆ ಬರೆಯತೊಡಗಿದ್ದರು. "ನನಗೆ ಚೀಲದ ಬಣ್ಣ ಕಟ್ಟಿಕೊಂಡು ಏನಾಗಬೇಕು ಮಾರಾಯರೇ? ಅಕ್ಕಿ ಕೆಂಪೋ ಬಿಳಿಯೋ, ಹಳೆಯದೋ ಹೊಸದೋ ಹೇಳಿ" ಎಂದರು ದೂರುದಾರರು. ಆ ವಿವರಗಳನ್ನು ಬರೆಯಬಲ್ಲವರು ಅಂಗಡಿಯವರು ಮಾತ್ರ. ಕೊನೆಗೆ ಕೌಂಟರಿನ ಆ ಹುಡುಗನೇ ದಿನಕ್ಕೆ ಹತ್ತು ಸಾಮಾನಿನಂತೆ ಕನ್ನಡ ಮತ್ತು ಮರಾಠಿಯಲ್ಲಿ ವಿವರಣೆ ಬರೆದ, ಅದೂ ಯೂನಿಕೋಡಿನಲ್ಲಿ.

ಮೂವತ್ತು ದಿನಗಳ ಗಡುವಿನೊಳಗೆ ಖರೀದಿಯ ದಾರಿ ಸಿದ್ಧವಾಯಿತು. ದೂರುದಾರರು ಕರಡು ದೂರನ್ನು ಸಲ್ಲಿಸಲಿಲ್ಲ, ಹಿಂತೆಗೆದುಕೊಂಡೆನೆಂದು ಬರೆದುಕೊಡಲೂ ಒಪ್ಪಲಿಲ್ಲ. ಉಳಿದ ಕೆಲಸ ಮುಗಿಯುವವರೆಗೆ ಅದು ತಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ ಎಂದರು. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಹೊಸ ನಿರ್ವಹಣಾ ಒಪ್ಪಂದಕ್ಕೆ ನಾನು ಸೇರಿಸಿದ ಕಲಮಿನ ಸಾರ ಹೀಗಿದೆ: ಜಾಲತಾಣ ಹಾಗೂ ಅದಕ್ಕೆ ಮುಂದೆ ಸೇರಿಸುವ ಪ್ರತಿ ಪುಟ ಐಎಸ್ 17802ಕ್ಕೆ ಅನುಗುಣವಾಗಿರತಕ್ಕದ್ದು, ಪ್ರತಿ ಮುಖ್ಯ ಬದಲಾವಣೆಯ ನಂತರ ಸ್ಕ್ರೀನ್ ರೀಡರ್ ಬಳಸುವ ವ್ಯಕ್ತಿಯೊಬ್ಬರು ಖರೀದಿಯ ಪೂರ್ಣ ದಾರಿಯನ್ನು ಪರೀಕ್ಷಿಸಿ ಒಪ್ಪಿದ ಮೇಲೆಯೇ ಕೊನೆಯ ಕಂತು ಪಾವತಿಯಾಗತಕ್ಕದ್ದು, ವರದಿಯಾದ ಅಡಚಣೆಯನ್ನು ಹದಿನೈದು ದಿನಗಳಲ್ಲಿ ಸರಿಪಡಿಸದಿದ್ದರೆ ಆ ಅವಧಿಯ ನಿರ್ವಹಣಾ ಶುಲ್ಕ ಕಡಿತವಾಗತಕ್ಕದ್ದು. ಗಿರಾಕಿಗಳ ಅಹವಾಲಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂಬುದು 2020ರ ಇ-ಕಾಮರ್ಸ್ ನಿಯಮಗಳಲ್ಲಿ ಹೇಗೂ ಇದೆ. ಅದೇ ಪುಟದಲ್ಲಿ ಸುಗಮ್ಯತೆಯ ಅಹವಾಲಿಗೂ ಒಂದು ಸಾಲು ಸೇರಿಸಿ, ತಮ್ಮನ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಹಾಕಿದೆವು.

ಬಗೆಹರಿಯದೆ ಉಳಿದವೂ ಇವೆ. ಕಾರ್ಡಿನಿಂದ ಪಾವತಿಸುವ ಪುಟ ಗೇಟ್‌ವೇ ಸಂಸ್ಥೆಗೆ ಸೇರಿದ್ದು. ಅಲ್ಲಿ ಅವಧಿ ಮೀರುವ ಎಚ್ಚರಿಕೆ ಧ್ವನಿಯಲ್ಲಿ ಬರುವುದಿಲ್ಲ. ಅವರಿಗೆ ಎರಡು ಬಾರಿ ಬರೆದಿದ್ದೇವೆ. ಸಾಮಾನು ತಲುಪುವ ದಿನ ಆರಿಸುವ ಕ್ಯಾಲೆಂಡರನ್ನು ಕೀಬೋರ್ಡಿನಿಂದ ಇನ್ನೂ ಬಳಸಲಾಗದು, ಸದ್ಯಕ್ಕೆ ಅದರ ಬದಲು ದಿನಗಳ ಸಾದಾ ಪಟ್ಟಿ ಹಾಕಿದ್ದಾರೆ. ಕೊರಿಯರ್ ಕಂಪನಿಯ ನಕ್ಷೆಯ ಮೇಲೆ ಗಾಡಿ ಎಲ್ಲಿದೆ ಎಂದು ತೋರಿಸುವ ಪುಟವಂತೂ ಹಾಗೆಯೇ ಇದೆ.

ಪರೀಕ್ಷೆ ಮಾಡಿಕೊಟ್ಟದ್ದಕ್ಕೆ ಪ್ರತಿಯಾಗಿ ಹಿರಿಯರಿಗೆ ಒಂದು ಮೂಟೆ ಅಕ್ಕಿ ಕಳಿಸುತ್ತೇನೆಂದು ಅಣ್ಣ ಹೊರಟಿದ್ದರು. ಅವರು ಒಪ್ಪಲಿಲ್ಲ. ಒಂದು ಗಂಟೆಯ ಕೆಲಸಕ್ಕೆ ಇಷ್ಟೆಂದು ದರ ಹೇಳಿ, ಒಟ್ಟು ಹನ್ನೊಂದು ಗಂಟೆಯ ಬಿಲ್ಲನ್ನು ಇಮೇಲಿನಲ್ಲಿ ಕಳಿಸಿದರು. ಅದನ್ನು ವೃತ್ತಿಪರ ಶುಲ್ಕದ ಖಾತೆಯಲ್ಲಿ ಜಮಾಖರ್ಚು ಹಾಕಿದೆ. ಮೊತ್ತ ಟಿಡಿಎಸ್ ಮಿತಿಯ ಒಳಗೇ ಇತ್ತು. ಪಾವತಿಯಾದ ಮರುದಿನ ಅವರಿಂದ ಅಂಗಡಿಗೆ ಆರ್ಡರ್ ಬಂತು: ಕುಚ್ಚಲಕ್ಕಿ ಐದು ಕೆಜಿ, ಹಲಸಿನ ಹಪ್ಪಳ ಒಂದು ಕಟ್ಟು, ಯುಪಿಐ ಮೂಲಕ ಹಣ ಸಂದಾಯ. ಷರಾ ಬರೆಯುವ ಖಾನೆಯಲ್ಲಿ ಅವರು ಟೈಪ್ ಮಾಡಿದ್ದರು: "ರಸೀದಿಯ ಫೋಟೋ ಕಳಿಸಬೇಡಿ, ಅಕ್ಷರದಲ್ಲಿ ಕಳಿಸಿ."